ಗುಂಡಿಗೆ ಸುರಿದ ಮೊದಲ ನೀರನ್ನು ನಂಬಬೇಡಿ

ಜಾಗದಲ್ಲಿ ಒಂದು ಗುಂಡಿ ತೋಡಿ, ಎರಡು ಬಕೆಟ್ ನೀರು ಸುರಿದು, "ನೋಡಿ ಸಾರ್, ಐದೇ ನಿಮಿಷಕ್ಕೆ ಇಂಗಿಹೋಯ್ತು, ಸೆಪ್ಟಿಕ್ ಟ್ಯಾಂಕಿಗೆ ಏನೂ ತೊಂದರೆ ಇಲ್ಲ" ಅನ್ನುವವರು ಬಹಳ ಜನ. ಆ ಐದು ನಿಮಿಷದಿಂದ ಗೊತ್ತಾಗುವುದು ಇಷ್ಟೇ: ಮಣ್ಣು ಒಣಗಿತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣಿಗೆ ನೀರು ಹೊಯ್ದರೆ ಅದೂ ಕ್ಷಣದಲ್ಲಿ ಮಾಯ. ಅದೇ ಮಣ್ಣು ನೆನೆದು ಉಬ್ಬಿದ ಮೇಲೆ ನೀರು ಹಾಗೇ ನಿಂತುಬಿಡುತ್ತದೆ.

ಸೆಪ್ಟಿಕ್ ಟ್ಯಾಂಕ್ ಕೊಳೆನೀರನ್ನು ಪೂರ್ತಿ ಶುದ್ಧ ಮಾಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಗಟ್ಟಿ ಪದಾರ್ಥ ತಳದಲ್ಲಿ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ರೋಗಾಣುಗಳೂ ಆ ನೀರಿನ ಜೊತೆಗೇ ಹೋಗುತ್ತವೆ. ಆ ನೀರನ್ನು ನೆಲಕ್ಕೆ ಇಂಗಿಸಲು ತೋಡುವ ಕಾಲುವೆಗೆ ಇಂಗುಕಾಲುವೆ ಅನ್ನುತ್ತಾರೆ. ಉಳಿದ ಕೆಲಸವೆಲ್ಲ ಅದರ ಸುತ್ತಲಿನ ಮಣ್ಣಿನದು. ಹಾಗಾಗಿ ಮಣ್ಣು ಇವತ್ತು ಎಷ್ಟು ನೀರು ಕುಡಿಯಿತು ಅನ್ನುವುದು ಮುಖ್ಯವಲ್ಲ. ದಿನಾ ನೀರು ಬರುತ್ತಿದ್ದರೆ, ಮಳೆಗಾಲದಲ್ಲೂ ತಡೆದುಕೊಳ್ಳುತ್ತದಾ ಅಂತ ನೋಡಬೇಕು.

ಇದನ್ನು ಅಳೆಯುವ ಪರೀಕ್ಷೆಗೆ ದಾರಿ ಹಾಕಿಕೊಟ್ಟವರು ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಹೆನ್ರಿ ರಾಯನ್, 1920ರ ದಶಕದಲ್ಲಿ. ವಿಧಾನ ಸರಳ, ಆದರೆ ತಾಳ್ಮೆ ಬೇಕು. ಇಂಗುಕಾಲುವೆಯ ತಳ ಎಷ್ಟು ಆಳದಲ್ಲಿ ಬರುತ್ತದೋ ಅಷ್ಟೇ ಆಳಕ್ಕೆ, ಸಾಮಾನ್ಯವಾಗಿ 60ರಿಂದ 90 ಸೆಂ.ಮೀ., ಕಿರಿದಾದ ಗುಂಡಿ ತೋಡಬೇಕು. ಅಗಲ 10ರಿಂದ 30 ಸೆಂ.ಮೀ. ಇದ್ದರೆ ಸಾಕು. ಇಲ್ಲೊಂದು ಸಣ್ಣ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಜೇಡಿಮಣ್ಣಿನಲ್ಲಿ ಹಾರೆ ಉಜ್ಜಿದ ಕಡೆ ಗೋಡೆ ಸಾರಿಸಿದಂತೆ ನುಣ್ಣಗಾಗುತ್ತದೆ. ಆ ಪದರ ನೀರನ್ನು ತಡೆಯುತ್ತದೆ. ಮೊಳೆಯಿಂದಲೋ ಚಾಕುವಿನಿಂದಲೋ ಗೋಡೆಯನ್ನು ಕೆರೆದು, ಉದುರಿದ ಮಣ್ಣು ತೆಗೆದು, ತಳಕ್ಕೆ 5 ಸೆಂ.ಮೀ. ಸಣ್ಣ ಜಲ್ಲಿ ಹಾಕಿ.

ಆಮೇಲೆ ನೆನೆಸುವುದು. ಜಲ್ಲಿಯ ಮೇಲೆ 30 ಸೆಂ.ಮೀ. ನೀರು ಕಡಿಮೆ ಅಂದರೂ 4 ಗಂಟೆ ನಿಂತಿರಬೇಕು, ಇಳಿದ ಹಾಗೆಲ್ಲ ತುಂಬಿಸುತ್ತಿರಬೇಕು. ಜೇಡಿ ಇದ್ದರೆ ರಾತ್ರಿಯಿಡೀ ಬಿಡುವುದೇ ವಾಸಿ, ಯಾಕಂದರೆ ಮಣ್ಣಿನ ಸಂದುಗಳಿಗೆ ನೀರು ತುಂಬುವುದು ಬೇಗ ಆಗುತ್ತದೆ, ಜೇಡಿಯ ಕಣ ನೀರು ಹೀರಿ ಉಬ್ಬುವುದಕ್ಕೆ ಹೊತ್ತು ಹಿಡಿಯುತ್ತದೆ. (ರಾತ್ರಿ ಗುಂಡಿಯ ಮೇಲೆ ಹಲಗೆ ಮುಚ್ಚಿ. ಕತ್ತಲಲ್ಲಿ ಯಾರಾದರೂ ಕಾಲಿಟ್ಟರೆ ಮೂಳೆ ಮುರಿಯುತ್ತದೆ.) ಶುದ್ಧ ಮರಳು ನೆಲವಾದರೆ ಇಷ್ಟೆಲ್ಲ ಬೇಕಿಲ್ಲ.

ಮಾರನೇ ದಿನ ನೀರಿನ ಮಟ್ಟವನ್ನು ಜಲ್ಲಿಯಿಂದ 15 ಸೆಂ.ಮೀ.ಗೆ ತಂದು, ಪ್ರತಿ ಅರ್ಧ ಗಂಟೆಗೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಿ. ಗುಂಡಿಗೆ ಅಡ್ಡಲಾಗಿ ಒಂದು ರೀಪರ್ (ಮರದ ಪಟ್ಟಿ) ಇಟ್ಟು, ಅದರ ಮೇಲೆ ಗುರುತು ಮಾಡಿ, ಪ್ರತಿ ಸಲ ಅಲ್ಲಿಂದಲೇ ಟೇಪು ಇಳಿಸಿ. ನೆಲದಿಂದ ಅಳೆದರೆ ಅಂಚಿನ ಮಣ್ಣು ಕುಸಿದು ಲೆಕ್ಕ ತಪ್ಪುತ್ತದೆ. ಹೀಗೆ 4 ಗಂಟೆ, ನೀರು ಇಳಿದುಹೋದರೆ ಮತ್ತೆ 15 ಸೆಂ.ಮೀ.ಗೆ ತುಂಬಿಸುತ್ತ. ಲೆಕ್ಕಕ್ಕೆ ಬರುವುದು ಕೊನೆಯ ಅರ್ಧ ಗಂಟೆ ಮಾತ್ರ. ಅದರಲ್ಲಿ 3 ಸೆಂ.ಮೀ. ಇಳಿದಿದ್ದರೆ ಸೆಂ.ಮೀ.ಗೆ 10 ನಿಮಿಷ ಅಂತಾಯಿತು. ಒಂದು ಇಂಚಿಗೆ 60 ನಿಮಿಷ, ಅಂದರೆ ಸೆಂ.ಮೀ.ಗೆ ಸುಮಾರು 24 ನಿಮಿಷ ದಾಟಿದರೆ ಮಾಮೂಲಿ ಇಂಗುಕಾಲುವೆಗೆ ಆ ಜಾಗ ಆಗುವುದಿಲ್ಲ ಅನ್ನುವುದು ಹಲವು ಕಡೆಯ ನಿಯಮ. ನಿಮ್ಮಲ್ಲಿ ಯಾವ ನಿಯಮ ಇದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಒಂದೇ ಗುಂಡಿಯನ್ನು ನಂಬುವುದೂ ಬೇಡ. ಇಲಿಯ ಬಿಲವೋ ಹಳೇ ಬೇರಿನ ದಾರಿಯೋ ಸಿಕ್ಕಿದರೆ ಲೆಕ್ಕ ತಲೆಕೆಳಗು.

ನೀರು ಬೇಗ ಇಳಿದಷ್ಟೂ ಒಳ್ಳೆಯದು ಅಲ್ವಾ? ಅಲ್ಲ. ಸುರಿದ ಕೂಡಲೇ ಸೋರಿಹೋಗುವ ಒರಟು ಮರಳು ಕೊಳೆನೀರನ್ನು ಸೋಸದೇ ಅಂತರ್ಜಲಕ್ಕೆ ಬಿಡುತ್ತದೆ. ಹತ್ತಿರದಲ್ಲಿ ಬಾವಿ ಇದ್ದರೆ ನನಗೆ ನಿಧಾನದ ಮಣ್ಣಿಗಿಂತ ಇಂಥ ಮಣ್ಣಿನ ಮೇಲೇ ಜಾಸ್ತಿ ಅನುಮಾನ.

ಇನ್ನೊಂದು ವಿಷಯ. ನಾವು ಪರೀಕ್ಷೆ ಮಾಡುವುದು ತಿಳಿನೀರಿನಲ್ಲಿ. ಟ್ಯಾಂಕಿನಿಂದ ಬರುವ ನೀರು ಕೆಲವು ತಿಂಗಳಲ್ಲಿ ಕಾಲುವೆಯ ತಳಕ್ಕೆ ಕಪ್ಪು ಲೋಳೆಯ ಪದರ ಕಟ್ಟುತ್ತದೆ. ಆಮೇಲೆ ಇಂಗುವ ವೇಗ ಪರೀಕ್ಷೆಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಕಡಿಮೆ. ಕಾಲುವೆಯ ಉದ್ದವನ್ನು ಅದಕ್ಕೇ ಧಾರಾಳವಾಗಿ ಇಟ್ಟುಕೊಳ್ಳಬೇಕು.

ನನ್ನನ್ನು ಕೇಳಿದರೆ, ಅಂಕಿಗಿಂತ ಮೊದಲು ಆಳದ ಗುಂಡಿಯೊಂದರ ಗೋಡೆಯ ಬಣ್ಣ ನೋಡಿ. ಮೇಲಿಂದ ಕೆಳಗೆ ಒಂದೇ ಸಮ ಕೆಂಪೋ ಕಂದೋ ಇದ್ದರೆ ಗಾಳಿ ಆಡುತ್ತಿದೆ ಅಂತ ಅರ್ಥ. ಬೂದು ಮಣ್ಣಿನ ನಡುವೆ ತುಕ್ಕಿನ ಬಣ್ಣದ ಮಚ್ಚೆ ಕಂಡರೆ, ವರ್ಷದಲ್ಲಿ ಕೆಲವು ಕಾಲ ನೀರು ಅಲ್ಲಿಯವರೆಗೆ ಏರುತ್ತದೆ ಅನ್ನುವುದಕ್ಕೆ ಅದು ಗುರುತು. ನೀರು ನಿಂತಾಗ ಮಣ್ಣಿನ ಕಬ್ಬಿಣ ಕರಗಿ ಜಾಗ ಬದಲಿಸುತ್ತದೆ, ಗಾಳಿ ಸಿಕ್ಕಿದ ಕಡೆ ಮತ್ತೆ ತುಕ್ಕಾಗುತ್ತದೆ. ಬೇಸಿಗೆಯಲ್ಲಿ ನೋಡಿದರೂ ಈ ಮಚ್ಚೆ ಹೋಗಿರುವುದಿಲ್ಲ. ಆ ಮಟ್ಟಕ್ಕೂ ಕಾಲುವೆಯ ತಳಕ್ಕೂ ನಡುವೆ ಕಡಿಮೆ ಅಂದರೂ 60 ಸೆಂ.ಮೀ., ಆದಷ್ಟೂ 120 ಸೆಂ.ಮೀ. ಒಣ ಮಣ್ಣು ಇರಬೇಕು. ಗೋಡೆಯನ್ನು ಮೇಲೆ ನಿಂತೇ ನೋಡಿ. ಆಳದ ಗುಂಡಿಗೆ ಸುಮ್ನೆ ಇಳಿಯಬೇಡಿ, ಕುಸಿಯುತ್ತದೆ.

ಜಾಗ ಪಾಸಾದರೆ ಆ ತುಂಡಿಗೆ ಅವತ್ತೇ ಹಗ್ಗ ಕಟ್ಟಿಸಿ. ಕಟ್ಟಡದ ಕೆಲಸ ಶುರುವಾದ ಮೇಲೆ ಲಾರಿ, ಜೆಸಿಬಿ ಎಲ್ಲ ಅಲ್ಲೇ ಓಡಾಡಿದರೆ ಮಣ್ಣು ಅದುಮಿಹೋಗಿ, ನೀವು ಅಳೆದ ವೇಗ ಕಾಗದದ ಮೇಲೆ ಮಾತ್ರ ಇರುತ್ತದೆ. ಪಾಸಾಗದಿದ್ದರೆ ಬೇರೆ ಮೂಲೆ ನೋಡಬೇಕು, ಇಲ್ಲವೇ ನೆಲದ ಮೇಲೆ ಮರಳಿನ ದಿಬ್ಬ ಕಟ್ಟಿ ಅದರಲ್ಲಿ ಇಂಗಿಸಬೇಕು. ಖರ್ಚು ಜಾಸ್ತಿ, ಜಾಗವೂ ಜಾಸ್ತಿ ಬೇಕು. ಹಾಗಾಗಿ ಮನೆಯ ನಕ್ಷೆ ಅಂತಿಮ ಮಾಡುವ ಮುಂಚೆಯೇ ಈ ಗುಂಡಿ ತೋಡಿಸಿ.