ಎಂಟು ದಿನ, ಐದು ಗವರ್ನರ್‌ಗಳು: ನ್ಯೂಜೆರ್ಸಿ ಕಲಿತ ಪಾಠ

2002ರ ಜನವರಿ 8ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟಾರ್ನಿ ಜನರಲ್ ಜಾನ್ ಫಾರ್ಮರ್ ಸುಮಾರು ತೊಂಬತ್ತು ನಿಮಿಷ ಹಂಗಾಮಿ ಗವರ್ನರ್ ಆಗಿದ್ದರು. ಅದುವರೆಗೆ ಆ ಕುರ್ಚಿಯಲ್ಲಿದ್ದ ಡೊನಾಲ್ಡ್ ಡಿಫ್ರಾನ್ಸೆಸ್ಕೊ ಅಲ್ಲಿಗೆ ಬಂದದ್ದು ರಾಜ್ಯ ಶಾಸಕಾಂಗದ ಮೇಲ್ಮನೆಯಾದ ಸೆನೆಟ್‌ನ ಅಧ್ಯಕ್ಷರೆಂಬ ಕಾರಣಕ್ಕೆ. ಹಳೆಯ ಸೆನೆಟ್‌ನ ಅವಧಿ ಮುಗಿದಾಗ ಅವರ ಅಧಿಕಾರವೂ ಮುಗಿಯಿತು. ಹೊಸ ಸೆನೆಟ್‌ನಲ್ಲಿ ಎರಡೂ ಪಕ್ಷಗಳಿಗೆ ತಲಾ 20 ಸ್ಥಾನ, ಹಾಗಾಗಿ ಇಬ್ಬರು ಅಧ್ಯಕ್ಷರು. ರಿಪಬ್ಲಿಕನ್ ಪಕ್ಷದ ಜಾನ್ ಬೆನೆಟ್, ಡೆಮಾಕ್ರಟಿಕ್ ಪಕ್ಷದ ರಿಚರ್ಡ್ ಕೋಡಿ ತಲಾ ಮೂರೂವರೆ ದಿನ ಆಡಳಿತ ಹಂಚಿಕೊಂಡರು. 15ರಂದು ಚುನಾಯಿತ ಗವರ್ನರ್ ಜೇಮ್ಸ್ ಮೆಕ್‌ಗ್ರೀವಿ ಪ್ರಮಾಣವಚನ ಸ್ವೀಕರಿಸಿದರು.

ಹಿಂದಿನ ವರ್ಷ ಗವರ್ನರ್ ಕ್ರಿಸ್ಟೀನ್ ವಿಟ್‌ಮನ್ ಕೇಂದ್ರದ ಪರಿಸರ ಸಂಸ್ಥೆಯ ಹೊಣೆ ಹೊರಲು ರಾಜೀನಾಮೆ ಕೊಟ್ಟಿದ್ದರು. ಅವರ ಜಾಗಕ್ಕೆ ಬರಲು ಈ ರಾಜ್ಯದಲ್ಲಿ ಲೆಫ್ಟಿನೆಂಟ್ ಗವರ್ನರ್ ಎಂಬ ಹುದ್ದೆಯೇ ಇರಲಿಲ್ಲ.

ಹುದ್ದೆಯೇನೋ ಹಳೆಯದು. ಬ್ರಿಟಿಷ್ ಕಾಲದ ವರ್ಜೀನಿಯಾಕ್ಕೆ 1710ರಿಂದ 1737ರವರೆಗೆ ಗವರ್ನರ್ ಆಗಿದ್ದ ಆರ್ಕ್ನಿಯ ಅರ್ಲ್ ಅಲ್ಲಿಗೆ ಒಮ್ಮೆಯೂ ಕಾಲಿಡಲಿಲ್ಲ, ಆಳಿದವರು ಲೆಫ್ಟಿನೆಂಟ್ ಗವರ್ನರ್‌ಗಳು. ಸ್ವಾತಂತ್ರ್ಯ ಘೋಷಣೆಯ ಮರುವರ್ಷ, 1777ರಲ್ಲಿ, ನ್ಯೂಯಾರ್ಕ್ ಸಂವಿಧಾನ ಈ ಹುದ್ದೆಯನ್ನು ಚುನಾವಣೆಗೆ ಒಳಪಡಿಸಿ ಸೆನೆಟ್‌ನ ಅಧ್ಯಕ್ಷತೆಯನ್ನೂ ಕೊಟ್ಟಿತು. ಇಂದು ಟೆಕ್ಸಾಸ್‌ನಲ್ಲಿ ಸೆನೆಟ್ ಸಮಿತಿಗಳನ್ನು ನೇಮಿಸುವವರೂ ಇವರೇ. ಬೇರೆ ಹಲವು ರಾಜ್ಯಗಳಲ್ಲಿ ದಿನನಿತ್ಯದ ಕೆಲಸ ತೀರಾ ಕಡಿಮೆ. ನಮ್ಮ ದೆಹಲಿ, ಪುದುಚೇರಿಯ ಉಪರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದಲ್ಲಿ ಬಹುತೇಕ ಕಡೆ ಜನರೇ ಆರಿಸುತ್ತಾರೆ.

2004ರಲ್ಲಿ ಮೆಕ್‌ಗ್ರೀವಿಯೂ ರಾಜೀನಾಮೆ ಕೊಟ್ಟರು. ಕೋಡಿ ಮತ್ತೆ ಬಂದರು, ಈ ಬಾರಿ ಹದಿನಾಲ್ಕು ತಿಂಗಳು. ಸೆನೆಟ್‌ನಲ್ಲಿ ಮಸೂದೆ ಪಾಸು ಮಾಡಿಸುವವರೂ ಅದಕ್ಕೆ ಗವರ್ನರ್ ಆಗಿ ಸಹಿ ಹಾಕುವವರೂ ಒಬ್ಬರೇ. ಕೋಡಿ ಜನಪ್ರಿಯರಾಗಿದ್ದರು ನಿಜ, ಆದರೆ ವ್ಯಕ್ತಿ ಒಳ್ಳೆಯವರೆಂದು ವ್ಯವಸ್ಥೆಯ ದೋಷ ಮರೆಯಾಗುವುದಿಲ್ಲ. ಅವರನ್ನು ಸೆನೆಟ್‌ಗೆ ಕಳಿಸಿದ್ದು ಒಂದು ಕ್ಷೇತ್ರದ ಮತದಾರರು. ಇಡೀ ರಾಜ್ಯ ಅವರಿಗೆ ಮತ ಹಾಕಿರಲೇ ಇಲ್ಲ.

2005ರ ನವೆಂಬರ್‌ನಲ್ಲಿ ಮತದಾರರು ಲೆಫ್ಟಿನೆಂಟ್ ಗವರ್ನರ್ ಹುದ್ದೆ ಸೃಷ್ಟಿಸುವ ಸಂವಿಧಾನ ತಿದ್ದುಪಡಿಗೆ ಒಪ್ಪಿದರು. 2009ರಲ್ಲಿ ಕಿಮ್ ಗ್ವಾಡಾನೊ ಮೊದಲ ಲೆಫ್ಟಿನೆಂಟ್ ಗವರ್ನರ್ ಆಗಿ ಆಯ್ಕೆಯಾದರು. ಸುಮ್ಮನೆ ಕಾಯುತ್ತ ಕೂರುವ ಹುದ್ದೆಯಾಗದಂತೆ, ಅವರಿಗೆ ಒಂದು ಇಲಾಖೆಯ ಹೊಣೆಯನ್ನೂ ಕೊಡಬೇಕೆಂದು ನಿಯಮವಾಯಿತು. ನನ್ನ ದೃಷ್ಟಿಯಲ್ಲಿ ಈ ತಿದ್ದುಪಡಿಯ ಅತ್ಯಂತ ವಿವೇಕದ ಭಾಗ ಇದೇ.

2023ರಲ್ಲಿ ಗವರ್ನರ್ ಫಿಲ್ ಮರ್ಫಿ ರಜೆಯಲ್ಲಿ ಇಟಲಿಗೆ ಹೋಗಿದ್ದಾಗ ಹಂಗಾಮಿ ಗವರ್ನರ್ ಆಗಿದ್ದ ಲೆಫ್ಟಿನೆಂಟ್ ಗವರ್ನರ್ ಶೀಲಾ ಆಲಿವರ್ ಅಸ್ವಸ್ಥರಾಗಿ ಆಗಸ್ಟ್ 1ರಂದು ತೀರಿಕೊಂಡರು. ಅಧಿಕಾರ ಮತ್ತೆ ಸೆನೆಟ್ ಅಧ್ಯಕ್ಷರಿಗೇ ಹೋಯಿತು, ಆದರೆ ಕೆಲವೇ ದಿನಗಳ ಮಟ್ಟಿಗೆ. ತೆರವಾದ ಸ್ಥಾನವನ್ನು 45 ದಿನಗಳಲ್ಲಿ ತುಂಬಬೇಕೆಂದು ತಿದ್ದುಪಡಿ ಮೊದಲೇ ಹೇಳಿತ್ತು. ಮರ್ಫಿ ನೇಮಿಸಿದ ತಹೇಶಾ ವೇ ಸೆಪ್ಟೆಂಬರ್ 8ರಂದು ಪ್ರಮಾಣವಚನ ಸ್ವೀಕರಿಸಿದರು.