ಬಿಸಿ ಆದ್ಮೇಲೆ ಆಯಿಲ್ ಲೈಟ್ ಮಿಣುಕಿದ್ರೆ ಪಂಪೇ ಹೋಗಿದೆ ಅಂತಾನಾ?

ಪ್ರಶ್ನೆ: ಸರ್, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ತೊಂದ್ರೆ ಇಲ್ಲ, ಅರ್ಧ ಗಂಟೆ ಓಡಿಸಿ ಇಂಜಿನ್ ಬಿಸಿ ಆದ್ಮೇಲೆ ಎಲ್ಲಾದ್ರೂ ನಿಲ್ಸಿದ್ರೆ ಆಯಿಲ್ ಲೈಟ್ ಮಿಣುಕತ್ತೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಆರಿಹೋಗತ್ತೆ. ಮೆಕ್ಯಾನಿಕ್ ಆಯಿಲ್ ಪಂಪ್ ಹೋಗಿದೆ ಅಂತಿದಾರೆ. ಹೊಸದು ಹಾಕಿಸ್ಲಾ?

ಉತ್ತರ: ಈಗ್ಲೇ ಬೇಡ, ಮೊದ್ಲು ಆಯಿಲ್ ಪ್ರೆಶರ್ ಅಳೆಯೋ ಗೇಜ್ ಹಾಕ್ಸಿ ನೋಡಿ. ಆದ್ರೆ ಲೈಟ್ ಮಿಣುಕೋದು ಬಿಟ್ಟು ಪೂರ್ತಿ ಹತ್ಕೊಂಡು ಆರದೇ ಹೋದ್ರೆ, ಅಥವಾ ಇಂಜಿನ್ ಒಳಗಿಂದ ಟಕ್ ಟಕ್ ಸೌಂಡ್ ಶುರುವಾದ್ರೆ, ಮನೆ ಹತ್ರಾನೇ ಇದೆ ಹೋಗ್ಬಿಡೋಣ ಅನ್ಬೇಡಿ, ಅಲ್ಲೇ ಸೈಡಿಗೆ ಹಾಕಿ ಆಫ್ ಮಾಡಿ ಟೋ ಮಾಡ್ಸಿ.

ಪಂಪ್ ಮೇಲೆ ಎಲ್ರಿಗೂ ಡೌಟ್ ಬರತ್ತೆ ಆದ್ರೆ ಪಂಪ್ ಮಾಡೋ ಕೆಲ್ಸ ಆಯಿಲ್ ತಳ್ಳೋದಷ್ಟೇ, ಪ್ರೆಶರ್ ಹುಟ್ಟೋದು ಆ ಆಯಿಲ್ ಬೇರಿಂಗ್‌ಗಳ ಸಣ್ಣ ಸಂದಿಯಲ್ಲಿ ತೂರಿ ಹೋಗೋವಾಗ ಆಗೋ ತಡೆಯಿಂದ. ಬೇರಿಂಗ್ ಸವೆದು ಸಂದಿ ಅಗಲ ಆಗಿದ್ರೆ ಪಂಪ್ ಚೆನ್ನಾಗಿದ್ರೂ ಪ್ರೆಶರ್ ನಿಲ್ಲಲ್ಲ, ಅದ್ರಲ್ಲೂ ಬಿಸಿಗೆ ಆಯಿಲ್ ನೀರಿನ ಥರ ತೆಳ್ಳಗಾಗಿ, ಐಡಲ್‌ನಲ್ಲಿ ಅಂದ್ರೆ ಆಕ್ಸಿಲರೇಟರ್ ಕೊಡದೇ ಇಂಜಿನ್ ಸುಮ್ನೆ ಓಡ್ತಿರೋವಾಗ, ಪಂಪೂ ನಿಧಾನ ತಿರುಗ್ತಿರೋವಾಗ. ನೀವು ಹೇಳಿರೋ ಲಕ್ಷಣ ಅದಕ್ಕೂ ಸರಿಯಾಗೇ ಕೂರತ್ತೆ. ನಾನೇ ಒಂದ್ಸಲ ನನ್ನ ಹಳೇ ಗಾಡಿಗೆ ಅವಸರ ಬಿದ್ದು ಪಂಪ್ ಹಾಕಿಸ್ದೆ, ಎರಡು ದಿನ ಬಿಟ್ಟು ಲೈಟ್ ಮತ್ತೆ ಮಿಣುಕ್ತು, ಬಿಚ್ಚಿ ನೋಡಿದ್ರೆ ಬೇರಿಂಗ್ ಶೆಲ್ಲಲ್ಲಿ ತಾಮ್ರದ ಬಣ್ಣ ಕಾಣ್ತಿತ್ತು, ಅಂದ್ರೆ ಮೇಲಿನ ಪದರ ಸವೆದೇ ಹೋಗಿತ್ತು.

ಮೊದ್ಲು ಖರ್ಚಿಲ್ಲದ ಚೆಕ್ ಮಾಡ್ಕೊಳ್ಳಿ. ಡಿಪ್‌ಸ್ಟಿಕ್ ಎಳೆದು ಲೆವೆಲ್ ನೋಡಿ, ಮೂಸಿನೂ ನೋಡಿ, ಪೆಟ್ರೋಲ್ ವಾಸ್ನೆ ಬಂದ್ರೆ ಆಯಿಲ್ ತೆಳ್ಳಗಾಗಿದೆ ಅಂತ. ಹೊಗೆಯ ಮಸಿ ಹಿಡಿಯೋ ಫಿಲ್ಟರ್ (ಡಿಪಿಎಫ್) ಇರೋ ಡೀಸೆಲ್ ಗಾಡಿಗಳಲ್ಲಿ ಲೆವೆಲ್ ಕಮ್ಮಿ ಆಗೋ ಬದ್ಲು ಏರಿದ್ರೂ ಅದೇ ಕಥೆ, ಡೀಸೆಲ್ ಇಳಿದು ಆಯಿಲ್‌ಗೆ ಸೇರ್ಕೊಂಡಿರತ್ತೆ. ಕಂಪನಿ ಹೇಳಿರೋ ಗ್ರೇಡ್ ಬಿಟ್ಟು ತೆಳು ಆಯಿಲ್ ಹಾಕಿದಾರಾ ಅಂತಾನೂ ಕೇಳಿ. ಆಮೇಲೆ ಪ್ರೆಶರ್ ಸ್ವಿಚ್, ಇದು ಪ್ರೆಶರ್ ಇಳಿದ್ರೆ ಲೈಟ್ ಹಾಕೋ ಚಿಕ್ಕ ಪಾರ್ಟು, ಕೆಟ್ಟೋದ್ರೆ ಸುಮ್‌ಸುಮ್ನೆ ಲೈಟ್ ಹಾಕತ್ತೆ, ಅದರ ಕನೆಕ್ಟರ್ ಒಳಗೆ ಆಯಿಲ್ ಜಿನುಗಿದ್ರೆ ಅದನ್ನ ಬದ್ಲಾಯಿಸ್ಲೇಬೇಕು.

ಇದೆಲ್ಲ ಸರಿ ಇದ್ರೆ ಆ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕ್ಬೇಕು, ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಐಡಲ್‌ನಲ್ಲಿ ಒಂದ್ಸಲ, 3000 ಆರ್‌ಪಿಎಂನಲ್ಲಿ ಒಂದ್ಸಲ ರೀಡಿಂಗ್ ಬರ್ಕೊಳ್ಳಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ (ಪ್ರೆಶರ್ ಅಳತೆ) ಅನ್ನೋದು ಹಳೇ ಲೆಕ್ಕ, ಅಂದಾಜಿಗೆ ಪರ್ವಾಗಿಲ್ಲ, ಆದ್ರೆ ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರೋ ಅಂಕಿನೇ ಫೈನಲ್. ಬಹಳಷ್ಟು ಗಾಡಿಗಳಲ್ಲಿ ಲೈಟ್ ಹತ್ಕೊಳ್ಳೋದೇ 5ರಿಂದ 7 ಪಿಎಸ್‌ಐಗೆ ಇಳಿದ್ಮೇಲೆ, ಹಾಗಾಗಿ ಲೈಟ್ ಕಾಣ್ಸೋ ಹೊತ್ತಿಗೆ ಪ್ರೆಶರ್ ನೆಲ ಕಚ್ಚಿರತ್ತೆ.

ಗೇಜ್ ಮುಳ್ಳು ಹೇಗೆ ಆಡತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. ಐಡಲ್‌ನಲ್ಲಿ ಸರಿ ಇದ್ದು ರೇಸ್ ಮಾಡಿದಾಗ ಬಿದ್ರೆ ಇಂಜಿನ್ ಕೆಳಗೆ ಆಯಿಲ್ ನಿಲ್ಲೋ ಚೇಂಬರ್‌ನಲ್ಲಿರೋ, ಆಯಿಲ್ ಹೀರ್ಕೊಳ್ಳೋ ಪೈಪಿನ ಜಾಲರಿ ಕಟ್ಕೊಂಡಿರೋ ಚಾನ್ಸ್ ಜಾಸ್ತಿ, ಆಯಿಲ್ ಬದ್ಲಾಯಿಸದೇ ಓಡಿಸಿದ ಗಾಡೀಲಿ ಜಿಡ್ಡು ಹೆಪ್ಪುಗಟ್ಟಿರತ್ತೆ, ಇಲ್ಲಾಂದ್ರೆ ಯಾರೋ ಚೇಂಬರ್ ಕೂರಿಸೋವಾಗ ಬಳಿದ ಸಿಲಿಕಾನ್ ಗಮ್ಮಿನ ಚೂರು ಹೋಗಿ ಕೂತಿರತ್ತೆ, ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡೋ ಇಂಜಿನ್ ಆದ್ರೆ ಬೆಲ್ಟಿನ ನಾರು ಕೂಡ. ಎಷ್ಟೇ ರೇಸ್ ಮಾಡಿದ್ರೂ ಮೇಲೇರದೇ ಇದ್ರೆ ಜಾಸ್ತಿಯಾದ ಪ್ರೆಶರ್ ಬಿಡೋ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಹಾಕ್ಕೊಂಡಿರಬಹುದು. ಮುಳ್ಳು ನಡುಗ್ತಾ ಇದ್ರೆ ಎಲ್ಲೋ ಗಾಳಿ ಎಳೀತಿರಬಹುದು, ಆಯಿಲ್ ಹೀರ್ಕೊಳ್ಳೋ ಪೈಪಿನ ಓ ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು.

ನಿಮ್ ಥರ ಐಡಲ್‌ನಲ್ಲಿ ಕಮ್ಮಿ, ರೇಸ್ ಮಾಡಿದ್ರೆ ಸರಿ ಅನ್ನೋದೇ ಕಷ್ಟದ ಕೇಸು, ಪಂಪ್ ಸವೆದ್ರೂ ಬೇರಿಂಗ್ ಸವೆದ್ರೂ ಗೇಜ್‌ನಲ್ಲಿ ಒಂದೇ ಥರ ಕಾಣತ್ತೆ. ಚೇಂಬರ್ ಇಳಿಸ್ಲೇಬೇಕು. ತಳದಲ್ಲಿ ಹೊಳೆಯೋ ಚೂರು ಸಿಕ್ರೆ ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡ್ಸಿ. ಪಂಪ್ ಕವರ್ ತೆಗ್ಸಿ ಒಳಗೆ ತಿರುಗೋ ರೋಟರ್ ಸಂದೀನ ಫೀಲರ್ ಗೇಜ್‌ನಲ್ಲಿ (ಸಂದಿ ಅಳೆಯೋ ತೆಳು ಪಟ್ಟಿಗಳು) ಅಳೆಸಿ, ಮ್ಯಾನ್ಯುಯಲ್ ಕೊಟ್ಟಿರೋ ಲಿಮಿಟ್ ದಾಟಿದ್ರೆ, ಅಥವಾ ಕವರ್ ಒಳಗೆ ಉಗುರಿಗೆ ಸಿಗೋ ಅಷ್ಟು ಗೀರು ಬಿದ್ದಿದ್ರೆ, ಆಗ ಮೆಕ್ಯಾನಿಕ್ ಹೇಳಿದ್ದು ನಿಜ.

ಹೊಸ ಪಂಪ್ ಹಾಕಿದ್ರೆ ಒಣಗೇ ಹಾಕ್ಬಾರ್ದು, ರೋಟರ್‌ಗೆ ಆಯಿಲ್ ತುಂಬಿಸಿ, ಓ ರಿಂಗೂ ಹೊಸದು ಹಾಕಿ, ಇಂಜಿನ್ ಸ್ಟಾರ್ಟ್ ಆಗದ ಹಾಗೆ ಫ್ಯೂಯಲ್ ಕಟ್ ಮಾಡಿ ಗೇಜ್‌ನಲ್ಲಿ ಪ್ರೆಶರ್ ಕಾಣೋವರೆಗೂ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೀಬೇಕು, ಆಮೇಲೇನೇ ಸ್ಟಾರ್ಟ್.