ಒಂದೇಟು ಹೊಡೆದರೆ ಮಗು ಸರ್ಕಾರದ ಪಾಲಾ?

ಪ್ರಶ್ನೆ: ಅಮೆರಿಕದಲ್ಲಿ ಮಗುವಿಗೆ ಒಂದೇಟು ಹೊಡೆದರೂ ಫೆಡರಲ್ ಕಾನೂನಿನ ಪ್ರಕಾರ ಮಗುವನ್ನು ಕಿತ್ತುಕೊಂಡು ಹೋಗುತ್ತಾರಂತೆ, ನಿಜವೇ? ಮುಂದಿನ ತಿಂಗಳು ಆರು ವರ್ಷದ ಮಗನ ಜೊತೆ ಡಲ್ಲಾಸಿಗೆ ಹೊರಟಿದ್ದೇವೆ.

ಉತ್ತರ: ನಿಜವಲ್ಲ. ಹಾಗೆ ಹೇಳುವ ಫೆಡರಲ್ ಕಾನೂನೇ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನೇ, ಇಲ್ಲ. ಊರಿನ ಹೆಸರು, ಮಗುವಿನ ವಯಸ್ಸು ಬದಲಾಯಿಸಿಕೊಂಡು ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದಕ್ಕೆ ‘ನಮ್ಮ ಭಾವನ ಆಫೀಸಿನವರೊಬ್ಬರಿಗೆ ಹಾಗೇ ಆಯಿತಂತೆ’ ಎಂಬ ಬಾಲವೂ ಇರುತ್ತದೆ. ಒಂದು ಸಾಲಿನ ಉತ್ತರವನ್ನು ಯಾರೂ ನಂಬುವುದಿಲ್ಲವಾದ್ದರಿಂದ ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಮೊದಲು, ಬಾಗಿಲು ತಟ್ಟುವವರು ಯಾರು ಎಂಬುದು. ವಾಷಿಂಗ್ಟನ್ನಿನಿಂದ ಯಾರೂ ಬರುವುದಿಲ್ಲ. ನಮ್ಮಲ್ಲಿ ಕೇಂದ್ರ ಪುರಸ್ಕೃತ ಯೋಜನೆ ನಡೆಯುವ ಹಾಗೆಯೇ ಅಲ್ಲಿ ಮಕ್ಕಳ ರಕ್ಷಣೆ ನಡೆಯುತ್ತದೆ: ದುಡ್ಡಿನ ಒಂದು ಪಾಲು ಕೇಂದ್ರದ್ದು, ಅದರ ಜೊತೆ ಷರತ್ತುಗಳ ಪಟ್ಟಿ, ಮೈಮುರಿದು ಕೆಲಸ ಮಾಡುವುದು ರಾಜ್ಯ. 1912ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ಬ್ಯೂರೋ ಎಂಬ ಫೆಡರಲ್ ಕಚೇರಿ ಷರತ್ತುಗಳ ಅರ್ಥವನ್ನು ‘ಪಾಲಿಸಿ ಮ್ಯಾನ್ಯುಯಲ್’ ಎಂಬ ಕೈಪಿಡಿಯಲ್ಲಿ ಪ್ರಶ್ನೋತ್ತರದ ರೂಪದಲ್ಲೇ ಬರೆದಿಡುತ್ತದೆ. ನಿಮ್ಮ ಮನೆಗೆ ಬರುವ ಸಿಪಿಎಸ್‌ನವರು, ಅಂದರೆ ಮಕ್ಕಳ ರಕ್ಷಣಾ ಸೇವೆಯವರು (ಚೈಲ್ಡ್ ಪ್ರೊಟೆಕ್ಟಿವ್ ಸರ್ವಿಸಸ್), ಟೆಕ್ಸಾಸ್ ರಾಜ್ಯದ ನೌಕರರು. ಇಲಿನಾಯ್‌ನಲ್ಲಿ ಅದಕ್ಕೆ ಬೇರೆ ಹೆಸರು, ಕ್ಯಾಲಿಫೋರ್ನಿಯಾದಲ್ಲಿ ಆ ಕೆಲಸ ನಮ್ಮ ಜಿಲ್ಲೆಯಂಥ ಕೌಂಟಿಯದು.

ಇನ್ನು ಏಟಿನ ಮಾತು. 1974ರ ಕಾಪ್ಟಾ ಎಂಬ ಫೆಡರಲ್ ಕಾಯ್ದೆ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಕನಿಷ್ಠ ವ್ಯಾಖ್ಯೆ ಕೊಡುತ್ತದೆ. ತಂದೆ, ತಾಯಿ ಅಥವಾ ಪಾಲಕರು ಇತ್ತೀಚೆಗೆ ಮಾಡಿದ ಕೆಲಸದಿಂದಲೋ ಮಾಡದೆ ಬಿಟ್ಟದ್ದರಿಂದಲೋ ಮಗು ಸಾಯಬೇಕು, ಅಥವಾ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿಯಾಗಬೇಕು, ಅಥವಾ ಲೈಂಗಿಕ ದೌರ್ಜನ್ಯ, ಶೋಷಣೆ ನಡೆದಿರಬೇಕು, ಅಥವಾ ಗಂಭೀರ ಹಾನಿ ಇನ್ನೇನು ಆಗಿಯೇ ಬಿಡುತ್ತದೆ ಎನ್ನುವ ಅಪಾಯವಿರಬೇಕು. ‘ಗಂಭೀರ’ ಎಂಬ ಶಬ್ದವನ್ನು ಅಡಿಗೆರೆ ಎಳೆದು ಓದಿ. ಏಟು ಎಂಬ ಶಬ್ದ ಅಲ್ಲಿಲ್ಲ. ಇದರ ಮೇಲೆ ಪ್ರತಿ ರಾಜ್ಯವೂ ತನ್ನದೇ ವ್ಯಾಖ್ಯೆ ಕಟ್ಟಿಕೊಂಡಿದೆ. ಹೆತ್ತವರು ಮಿತಿಯೊಳಗೆ ದೈಹಿಕ ಶಿಕ್ಷೆ ಕೊಡುವುದನ್ನು ಪೂರ್ತಿ ನಿಷೇಧಿಸಿದ ರಾಜ್ಯ ಐವತ್ತರಲ್ಲಿ ಒಂದೂ ಇಲ್ಲ. ಗಂಭೀರ ಗಾಯದ ಕುರುಹಿಲ್ಲದೆ, ವಯಸ್ಸಿಗೆ ತಕ್ಕಂತೆ ಕುಂಡಿಗೆ ಕೊಟ್ಟ ಏಟು ‘ಗಂಭೀರ ದೈಹಿಕ ಹಾನಿ’ಯಲ್ಲ ಎಂದು ಕ್ಯಾಲಿಫೋರ್ನಿಯಾದ ಕಾನೂನು ಬಾಯಿಬಿಟ್ಟೇ ಹೇಳುತ್ತದೆ. ನೀವು ಹೋಗುತ್ತಿರುವ ಟೆಕ್ಸಾಸ್ ಇನ್ನೂ ಒಂದು ಹೆಜ್ಜೆ ಮುಂದೆ. ಶಿಸ್ತಿಗಾಗಿ ಮಗುವಿಗೆ ಯಾರು ಹೊಡೆಯಬಹುದು ಎಂಬ ಪಟ್ಟಿಯೇ ಅಲ್ಲಿನ ಕುಟುಂಬ ಸಂಹಿತೆಯಲ್ಲಿದೆ, ಅದರಲ್ಲಿ ಅಜ್ಜ ಅಜ್ಜಿಯ ಹೆಸರೂ ಇದೆ! ಶಾಲೆಯಲ್ಲಿ ಹೊಡೆಯುವುದು ಅಮೆರಿಕದ ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತು. ಟೆಕ್ಸಾಸಿನಲ್ಲಿ ಇವತ್ತಿಗೂ ಶಾಲಾ ಜಿಲ್ಲೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಒಪ್ಪಿದರೆ ಮೇಷ್ಟ್ರು ಹೊಡೆಯಬಹುದು. ಬೇಡವೆನ್ನುವ ಪೋಷಕರು ಪ್ರತಿ ವರ್ಷ ಬರೆದು ಸಹಿ ಹಾಕಿ ಕೊಡಬೇಕು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಅದನ್ನು ನಿಷೇಧಿಸಿದೆ. ಶಾಲೆಯ ಬೆತ್ತದ ವಿಚಾರದಲ್ಲಿ ಬೆಂಗಳೂರಿನ ಕಾನೂನೇ ಬಿಗಿ.

ಹಾಗಾದರೆ ಈ ಕತೆ ಎಲ್ಲಿಂದ ಬಂತು? ಒಂದು ಎಳೆ ನಾರ್ವೆಯದು. 2012ರ ಹೊತ್ತಿಗೆ ಅಲ್ಲಿನ ಭಾರತೀಯ ದಂಪತಿಯೊಬ್ಬರ ಮಕ್ಕಳ ಪ್ರಕರಣ ನಮ್ಮ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಬಂತು, ‘ಕೈತುತ್ತು ಕೊಟ್ಟದ್ದಕ್ಕೆ ಮಗುವನ್ನು ಒಯ್ದರು’ ಎಂಬ ಮಾತು ಜನರ ಬಾಯಲ್ಲಿ ಉಳಿಯಿತು. ನಾರ್ವೆಯಲ್ಲಿ ಮಕ್ಕಳಿಗೆ ಹೊಡೆಯುವುದೇ ನಿಷಿದ್ಧ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ 1995ರಲ್ಲಿ ಸಹಿ ಹಾಕಿಯೂ ಇನ್ನೂ ಅನುಮೋದಿಸದ ದೇಶ ಅಮೆರಿಕ. ಎರಡನ್ನೂ ‘ಫಾರಿನ್’ ಎಂಬ ಒಂದೇ ಡಬ್ಬಕ್ಕೆ ಹಾಕಿ ಕುಲುಕಿದರೆ ಈ ಪ್ರಶ್ನೆ ಹುಟ್ಟುತ್ತದೆ.

ಲೆಕ್ಕವನ್ನೂ ನೋಡಿಬಿಡಿ. 2022ರ ಹಣಕಾಸು ವರ್ಷದಲ್ಲಿ ಅಮೆರಿಕದಾದ್ಯಂತ 42 ಲಕ್ಷಕ್ಕೂ ಹೆಚ್ಚು ದೂರುಗಳು ಬಂದವು. ಅವುಗಳಲ್ಲಿ ಅರ್ಧದಷ್ಟನ್ನು ಫೋನಿನ ಹಂತದಲ್ಲೇ ಕೈಬಿಟ್ಟರು. ವಿಚಾರಣೆಗೆ ಒಳಪಟ್ಟ ಮಕ್ಕಳು ಸುಮಾರು 31 ಲಕ್ಷ. ಅದೇ ವರ್ಷ ಫಾಸ್ಟರ್ ಕೇರ್‌ಗೆ, ಅಂದರೆ ಸರ್ಕಾರದ ಸುಪರ್ದಿನ ಸಾಕುಮನೆಗಳಿಗೆ, ಹೊಸದಾಗಿ ಹೋದವರು 1.87 ಲಕ್ಷದ ಆಸುಪಾಸು. ದೌರ್ಜನ್ಯ ಸಾಬೀತಾದ ಪ್ರಕರಣಗಳಲ್ಲೂ ಮುಕ್ಕಾಲು ಪಾಲು ನಿರ್ಲಕ್ಷ್ಯದ್ದು, ಹೊಡೆತದ್ದಲ್ಲ.

‘ಒಂದೊಂದು ಮಗುವಿಗೂ ರಾಜ್ಯಕ್ಕೆ ದುಡ್ಡು ಸಿಗುತ್ತದೆ, ಅದಕ್ಕೇ ಎತ್ತಿಕೊಂಡು ಹೋಗುತ್ತಾರೆ’ ಎನ್ನುವವರಿಗೆ ಒಂದು ಸ್ವಾರಸ್ಯದ ವಿಷಯ. ಫಾಸ್ಟರ್ ಕೇರ್‌ನ ಖರ್ಚಿನಲ್ಲಿ ಫೆಡರಲ್ ಪಾಲು ಬರುವುದು ಟೈಟಲ್ ನಾಲ್ಕು-ಇ ಎಂಬ ಬಾಬ್ತಿನಿಂದ. ಮಗು ಬಿಟ್ಟು ಬಂದ ಮನೆ 1996ರ ಜುಲೈನಲ್ಲಿದ್ದ ಹಳೆಯ ಬಡತನದ ಮಾನದಂಡಕ್ಕೆ ಹೊಂದಿದರೆ ಮಾತ್ರ ಆ ಹಣ. ಮೂವತ್ತು ವರ್ಷ ಹಿಂದಿನ ಆದಾಯ ಮಿತಿ! ಸಾಫ್ಟ್‌ವೇರ್ ಸಂಬಳದ ಮನೆ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಎಚ್-1ಬಿ ಉದ್ಯೋಗಿಗಳ ಕುಟುಂಬಕ್ಕೆ ಕೊಡುವ ಎಚ್-4 ವೀಸಾದ ಮಗುವಿಗಂತೂ ಆ ಹಣದ ಅರ್ಹತೆಯೇ ಇಲ್ಲ. ನಿಮ್ಮ ಮಗನನ್ನು ಒಯ್ದರೆ ಆ ಖರ್ಚಿಗೆ ರಾಜ್ಯ ತನ್ನ ಜೇಬಿನಿಂದಲೇ ದುಡ್ಡು ಹಾಕಬೇಕು.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಹೊಡೆಯಬಹುದು’ ಎಂದು ಓದಿಕೊಳ್ಳಬೇಡಿ. ಕೇಸು ಹುಟ್ಟುವುದು ಏಟಿನಿಂದಲ್ಲ, ಏಟು ಬಿಟ್ಟುಹೋದ ಗುರುತಿನಿಂದ. ಬೆಲ್ಟು, ಹ್ಯಾಂಗರ್, ಸೌಟು ಚರ್ಮದ ಮೇಲೆ ತಮ್ಮ ಆಕಾರವನ್ನೇ ಬರೆದಿಡುತ್ತವೆ. ಅಲ್ಲಿನ ಮಕ್ಕಳ ವೈದ್ಯರ ತಲೆಯಲ್ಲಿ ‘ಟೆನ್-ಫೋರ್’ ಎಂಬ ಸೂತ್ರವಿರುತ್ತದೆ: ನಾಲ್ಕು ವರ್ಷದೊಳಗಿನ ಮಗುವಿನ ಮುಂಡ, ಕಿವಿ, ಕುತ್ತಿಗೆಯಲ್ಲಿ ಕಂದಿದ ಗುರುತು, ಅಥವಾ ನಾಲ್ಕು ತಿಂಗಳೊಳಗಿನ ಕೂಸಿನ ಮೈಯಲ್ಲಿ ಎಲ್ಲೇ ಆಗಲಿ ಅಂಥ ಗುರುತು ಕಂಡರೆ ಅನುಮಾನಿಸಬೇಕು. ನಾವು ತಮಾಷೆಯೆಂದುಕೊಂಡಿರುವ ಕಿವಿ ಹಿಂಡುವುದು ಈ ಪಟ್ಟಿಯಲ್ಲಿ ನೇರವಾಗಿ ಬರುತ್ತದೆ. ಕಾಮಾಲೆಗೆಂದೋ ಬಾಲಗ್ರಹಕ್ಕೆಂದೋ ಊರಲ್ಲಿ ಹಾಕಿಸಿದ ಬರೆಯ ಕಲೆ ಇದ್ದರೆ ಅದನ್ನೂ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿ. ನಮ್ಮ ಕೂಸುಗಳ ಸೊಂಟ, ಕುಂಡಿಯ ಮೇಲೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆಗಳನ್ನು ಡೇ ಕೇರ್‌ನವರು ಏಟಿನ ಗುರುತು ಎಂದುಕೊಳ್ಳುವುದುಂಟು. ಅವು ಎಲ್ಲಿವೆ, ಎಷ್ಟಿವೆ ಎಂದು ವೈದ್ಯರ ದಾಖಲೆಯಲ್ಲಿ ಬರೆಸಿಟ್ಟರೆ ಮುಂದೆ ಒಂದು ಕಾಗದ ತೋರಿಸಿ ಮಾತು ಮುಗಿಸಬಹುದು.

ಅನುಮಾನ ಬಂದ ಶಿಕ್ಷಕರು, ವೈದ್ಯರು ದೂರು ಕೊಡಲೇಬೇಕು, ಅದು ಅವರ ಮೇಲಿನ ಕಾನೂನಿನ ಹೊರೆ. ಟೆಕ್ಸಾಸಿನಲ್ಲಿ ಎಲ್ಲರಿಗೂ ಆ ಹೊರೆ ಇದೆ. ಪುರಾವೆ ಬೇಕಿಲ್ಲ, ಅನುಮಾನ ಸಾಕು. ದೂರು ಕೊಟ್ಟವರ ಹೆಸರು ನಿಮಗೆ ಸಿಗುವುದಿಲ್ಲ. ಮೇಷ್ಟ್ರ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ.

ಸಿಪಿಎಸ್‌ನವರು ಬಂದರೆ ಮೊದಲು ಗುರುತಿನ ಚೀಟಿ ನೋಡಿ, ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ನಂತರ ‘ನಮ್ಮ ಮೇಲಿನ ಆರೋಪವೇನು?’ ಎಂದು ಕೇಳಿ. ಮೊದಲ ಭೇಟಿಯಲ್ಲೇ ಅದನ್ನು ತಿಳಿಸಬೇಕೆಂಬುದು ಫೆಡರಲ್ ಷರತ್ತು. ನಿಮ್ಮ ಒಪ್ಪಿಗೆ, ಕೋರ್ಟಿನ ಆದೇಶ ಅಥವಾ ತಕ್ಷಣದ ಅಪಾಯ, ಈ ಮೂರರಲ್ಲಿ ಒಂದಿಲ್ಲದೆ ಅವರು ಒಳಗೆ ಬರುವಂತಿಲ್ಲ. ಹಕ್ಕುಗಳನ್ನು ಮೊದಲೇ ತಿಳಿಸಬೇಕೆಂದು 2023ರಿಂದ ಟೆಕ್ಸಾಸಿನಲ್ಲಿ ಪ್ರತ್ಯೇಕ ಕಾನೂನೂ ಇದೆ. ಬೇಡವೆನ್ನುವುದಾದರೆ ಮೆಲುದನಿಯಲ್ಲಿ ‘ವಕೀಲರ ಜೊತೆ ಮಾತಾಡಿ ಸಮಯ ಹೇಳುತ್ತೇವೆ’ ಎನ್ನಿ. ಬಾಗಿಲು ಬಡಿದರೆ ಆ ಸದ್ದೂ ಅವರ ವರದಿಗೆ ಹೋಗುತ್ತದೆ. ಮಗುವಿಗೆ ಹೀಗೆ ಹೇಳು, ಹಾಗೆ ಹೇಳು ಎಂದು ಪಾಠ ಮಾಡಬೇಡಿ. ಆರು ವರ್ಷದ ಮಗು ‘ಅಮ್ಮ ಇದನ್ನು ಹೇಳಬೇಡ ಅಂದಿದ್ದಾಳೆ’ ಎಂಬುದನ್ನೇ ಮೊದಲು ಹೇಳುತ್ತದೆ.

ಮಗುವನ್ನು ತುರ್ತಾಗಿ ಒಯ್ದದ್ದೇ ಆದರೆ ಟೆಕ್ಸಾಸಿನಲ್ಲಿ ಮೊದಲ ಕೆಲಸದ ದಿನವೇ, ತಡವೆಂದರೆ ಮೂರನೆಯ ದಿನ ನ್ಯಾಯಾಧೀಶರ ಮುಂದೆ ವಿಷಯ ಬರಬೇಕು, 14 ದಿನದೊಳಗೆ ಪೂರ್ಣ ವಿಚಾರಣೆ ಆಗಬೇಕು. ಫೆಡರಲ್ ಷರತ್ತುಗಳು ಇಲ್ಲಿಂದ ಬಿಗಿಯಾಗುತ್ತವೆ. ಮನೆಯಲ್ಲೇ ಇರುವುದು ಮಗುವಿನ ಹಿತಕ್ಕೆ ವಿರುದ್ಧ ಎಂದು ಕೋರ್ಟು ಮೊದಲ ಆದೇಶದಲ್ಲೇ ಬರೆಯಬೇಕು. ಬರೆಯದಿದ್ದರೆ ಆ ಇಡೀ ಅವಧಿಗೆ ಫೆಡರಲ್ ಹಣ ಖೋತಾ. ಮಗುವನ್ನು ಮನೆಯಲ್ಲೇ ಉಳಿಸಲು ಸಾಕಷ್ಟು ಪ್ರಯತ್ನ ಮಾಡಿದ್ದೇವೆ ಎಂಬುದನ್ನು ರಾಜ್ಯ 60 ದಿನದೊಳಗೆ ಕೋರ್ಟಿಗೆ ಒಪ್ಪಿಸಬೇಕು. 2008ರ ಕಾಯ್ದೆಯ ಪ್ರಕಾರ 30 ದಿನದೊಳಗೆ ಅಜ್ಜ ಅಜ್ಜಿ ಮತ್ತಿತರ ಹತ್ತಿರದ ವಯಸ್ಕ ನೆಂಟರನ್ನು ಹುಡುಕಿ ತಿಳಿಸಬೇಕು. ಚಿಕ್ಕಪ್ಪ ಅಟ್ಲಾಂಟಾದಲ್ಲಿದ್ದರೆ, ಸೋದರತ್ತೆ ಸಿಯಾಟಲ್‌ನಲ್ಲಿದ್ದರೆ ಅವರ ವಿಳಾಸ, ಫೋನನ್ನು ಮೊದಲ ದಿನವೇ ಕೊಡಿ. ‘ಮಾನ ಹೋಗುತ್ತೆ’ ಎಂದು ನೆಂಟರ ವಿಷಯ ಮುಚ್ಚಿಟ್ಟು, ಮಗುವನ್ನು ಅಪರಿಚಿತರ ಮನೆಯಲ್ಲಿ ಮಲಗಿಸುವುದು ನಮ್ಮವರು ಮಾಡುವ ದೊಡ್ಡ ತಪ್ಪು.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ. ವೀಸಾದ ಮೇಲಿರುವವರು ಹೆದರಬೇಕಾದ ಫೆಡರಲ್ ಕಾನೂನು ವಲಸೆಯದು. ಮಕ್ಕಳ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯ, ಪರಿತ್ಯಾಗದ ಅಪರಾಧದಲ್ಲಿ ಶಿಕ್ಷಿತರಾದವರನ್ನು ಗಡೀಪಾರು ಮಾಡಬಹುದೆಂದು 1996ರಿಂದ ಅದರಲ್ಲಿದೆ. ಗ್ರೀನ್ ಕಾರ್ಡ್ ಇದ್ದರೂ ವಿನಾಯಿತಿಯಿಲ್ಲ. ಸಿಪಿಎಸ್‌ನ ತೀರ್ಮಾನವೊಂದೇ ಶಿಕ್ಷೆಯಲ್ಲ, ಅದು ಕ್ರಿಮಿನಲ್ ಕೋರ್ಟಿಗೆ ಹೋದಾಗಲೇ ಕಷ್ಟ. ‘ತಪ್ಪೊಪ್ಪಿಕೊಂಡು ಮುಗಿಸಿಬಿಡಿ, ದಾಖಲೆಯಲ್ಲಿ ಉಳಿಯುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ತಪ್ಪೊಪ್ಪಿಗೆ ಪಡೆದು ತೀರ್ಪನ್ನು ಮುಂದೂಡುವ ಟೆಕ್ಸಾಸಿನ ಏರ್ಪಾಡು ರಾಜ್ಯದ ಕಣ್ಣಿಗೆ ಶಿಕ್ಷೆಯಲ್ಲದಿದ್ದರೂ ವಲಸೆ ಕಾನೂನಿನ ಕಣ್ಣಿಗೆ ಶಿಕ್ಷೆಯೇ. ಗಡೀಪಾರಿನ ಅಪಾಯವನ್ನು ಕ್ರಿಮಿನಲ್ ವಕೀಲರು ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಸಹಿ ಹಾಕುವ ಮುನ್ನ ವಲಸೆ ವಕೀಲರಿಗೂ ಒಮ್ಮೆ ತೋರಿಸಿ. ಅಂದ ಹಾಗೆ ನಿಮ್ಮ ಮಗನಿಗೆ ಆರು ವರ್ಷ: ಏಳು ತುಂಬದ ಮಗುವನ್ನು 14 ವರ್ಷ ತುಂಬಿದವರ ಜೊತೆಯಿಲ್ಲದೆ ಐದು ನಿಮಿಷಕ್ಕಿಂತ ಹೆಚ್ಚು ಕಾರಿನಲ್ಲಿ ಬಿಟ್ಟು ಹೋಗುವುದು ಟೆಕ್ಸಾಸಿನಲ್ಲಿ ಅಪರಾಧ. ಪಟೇಲ್ ಅಂಗಡಿಯಿಂದ ಕೊತ್ತಂಬರಿ ತರುವಷ್ಟು ಹೊತ್ತು ಸಾಕು.

ಕೊನೆಗೆ ಕೋರ್ಟಿನಲ್ಲಿ ನಡೆಯುವ ಒಂದು ಎಡವಟ್ಟು. ನ್ಯಾಯಾಧೀಶರು ‘ಇದು ಇಂಡಿಯನ್ ಮಗುವೇ?’ ಎಂದು ಕೇಳುತ್ತಾರೆ. ನಮ್ಮವರು ಹೆಮ್ಮೆಯಿಂದ ‘ಹೌದು’ ಎನ್ನುತ್ತಾರೆ. 1978ರ ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ ಮಾಡಿದ ಕಾನೂನು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಪ್ರಶ್ನೆಯನ್ನು ಪ್ರತಿ ಪ್ರಕರಣದಲ್ಲೂ ಕೇಳಬೇಕೆಂಬುದು ಫೆಡರಲ್ ನಿಯಮ, ನಿಮ್ಮ ಮುಖ ನೋಡಿ ಕೇಳಿದ್ದಲ್ಲ. ‘ನಾವು ಭಾರತ ದೇಶದಿಂದ ಬಂದವರು, ಇಲ್ಲಿನ ಯಾವ ಬುಡಕಟ್ಟಿಗೂ ಸೇರಿದವರಲ್ಲ’ ಎನ್ನಿ. ದುಭಾಷಿ ಬೇಕಾದಾಗಲೂ ‘ಇಂಡಿಯನ್’ ಎಂದರೆ ಹಿಂದಿಯವರು ಬಂದು ಕೂರುತ್ತಾರೆ. ಫೆಡರಲ್ ಹಣ ಪಡೆಯುವ ಇಲಾಖೆ ಭಾಷೆಯ ನೆರವನ್ನು ಉಚಿತವಾಗಿ ಕೊಡಬೇಕು, 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದ ಹೊಣೆ ಅದು. ಊರಿಂದ ಬಂದ ಅಜ್ಜಿಯನ್ನು ಪ್ರಶ್ನಿಸುವಾಗ ‘ಕನ್ನಡ’ ಎಂದು ಬಿಡಿಸಿ ಹೇಳಿ, ಫೋನಿನಲ್ಲಾದರೂ ಕನ್ನಡದವರೇ ಬರಲಿ. ಮೊಮ್ಮಗನ ಕೈಯಲ್ಲಿ ಅನುವಾದ ಮಾಡಿಸಲು ಮಾತ್ರ ಒಪ್ಪಬೇಡಿ.